ಯಾದಿಯಲ್ಲಿ ಬದುಕಿದ್ದ ಗುರುಲಿಂಗಮ್ಮ

ಕಂತು ಏಳು

“ಒಳಗ ಯಾರೂ ಇಲ್ಲರಿ ಸಾಹೇಬ್ರ. ಇರಾಕಿ ನಾ ಒಬ್ಬಾಕಿ,” ಎಂದು ಲಾಲಬೀ ಬಾಗಿಲಿಗೆ ಅಡ್ಡ ನಿಂತಳು.

ಹೇಮಪ್ಪ ಜಮಾದಾರ ಜಗಲಿಯ ಮೇಲೆ ಕುಳಿತು ಚಪ್ಪಲಿಯ ಧೂಳು ಕೊಡವಿದ. ಕುಕನೂರಿನಲ್ಲಿ ಮೋಟಾರು ಇಳಿದು ಇಟಗಿಯ ತನಕ ಬಿಸಿಲಲ್ಲೇ ನಡೆದು ಬಂದಿದ್ದ. ಆದರೂ ಅವಸರ ಮಾಡಲಿಲ್ಲ. ಬಾಗಿಲಿಗೆ ಅಡ್ಡ ನಿಂತವರ ಮುಖಕ್ಕಿಂತ ಅವರ ಹೆಗಲ ಹಿಂದೆ ಕಾಣುವುದನ್ನು ನೋಡಬೇಕೆಂದು ಮೂವತ್ತು ವರ್ಷದ ಠಾಣೆಯ ನೌಕರಿ ಅವನಿಗೆ ಕಲಿಸಿತ್ತು.

ಗೋಡೆಗೆ ಬಳೆ ಪೋಣಿಸಿದ ಮಲಾರದ ಗೊಂಚಲು ತೂಗುಹಾಕಿತ್ತು. ಒಲೆಯ ಪಕ್ಕ ಎರಡು ತಾಟು ತೊಳೆದು ಬೋರಲು ಹಾಕಿದ್ದರು. ಅದೇನೂ ದೊಡ್ಡ ಮಾತಲ್ಲ, ನೆಂಟರು ಬಂದಿರಬಹುದು. ಆದರೆ ಗೋಡೆಯ ಗೂಡಿನಲ್ಲಿ ಒಂದು ವಿಭೂತಿಯ ಗಟ್ಟಿ ಇತ್ತು, ಅರ್ಧ ಸವೆದದ್ದು. ಬಳೆ ಮಾರುವ ಮುಸಲ್ಮಾನ ಮುದುಕಿಯ ಮನೆಯಲ್ಲಿ ದಿನಾ ಎದ್ದು ವಿಭೂತಿ ಹಚ್ಚಿಕೊಳ್ಳುವವರು ಯಾರು?

“ಓಟಿನ ಯಾದಿ ತಪಾಸು ಮಾಡಾಕ ಬಂದೀನಿ,” ಎಂದ ಹೇಮಪ್ಪ. “ಈ ಮನ್ಯಾಗ ಇಬ್ಬರ ಹೆಸರು ಬರಿಸೀರಿ.”

“ಒಂದು ತಪ್ಪಿ ಬಿದ್ದೈತಿ. ಹೊಡದು ಹಾಕ್ರಿ.”

“ಹೊಡೀರಿ ಅಂತ ಇನ್ನೊಬ್ರೂ ಅರ್ಜಿ ಕೊಟ್ಟಾರ.”

ಮುದುಕಿಯ ಕೈ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿಯಿತು.

ಅರ್ಜಿ ಕೊಟ್ಟವನು ತಾವರಗೇರಾದ ಕೊಟ್ರಬಸಪ್ಪ. ಅವನ ಹೆಂಡತಿ ಗುರುಲಿಂಗಮ್ಮ ತೋಟದ ಬಾವಿಯಲ್ಲಿ ಹೆಣವಾಗಿ ಸಿಕ್ಕು, ಮಣ್ಣಾಗಿ ಒಂದೂವರೆ ವರ್ಷವಾಗಿತ್ತು. ಈಗ, ಸಾವಿರದ ಒಂಬೈನೂರಾ ನಲವತ್ತೊಂಬತ್ತರ ಚಳಿಗಾಲದಲ್ಲಿ, ಅವಳ ಹೆಸರು ಇಟಗಿಯ ಯಾದಿಯಲ್ಲಿ ಬಂದಿತ್ತು. ವಿಚಾರಣೆ ನಾಡಿದ್ದು. ಹಳೆಯ ಕೇಸು ಬಲ್ಲವನೆಂದು, ನೌಕರಿಯಿಂದ ಇಳಿದಿದ್ದ ಹೇಮಪ್ಪನನ್ನೇ ತಹಸೀಲ್ದಾರರು ತಪಾಸಿಗೆ ಕಳಿಸಿದ್ದರು.

ಹೇಮಪ್ಪ ಲಾಲಬೀಯನ್ನು ಬಿಟ್ಟು, ಅವಳ ಹಿಂದಿನ ಒಳಕೋಣೆಯ ಬಾಗಿಲಿಗೆ ಕೇಳುವಂತೆ ದನಿ ಏರಿಸಿದ.

“ಮಾರೆಪ್ಪ ಜೈಲಿನಾಗ ಅದಾನ.”

“ಯಾವ ಮಾರೆಪ್ಪ?” ಎಂದಳು ಲಾಲಬೀ.

“ಕೊಟ್ರಬಸಪ್ಪನ ಮನ್ಯಾಗ ಆಳಾಗಿದ್ದಂವ. ಮನಿ ಸೊಸೀನ ಬಾವಿಗೆ ನೂಕಿ ಕೊಂದಾನಂತ ಹದಿನಾಕು ವರ್ಷ ಸಜಾ ಆಗೇತಿ. ಹಿಡದು ಕೊಟ್ಟಂವ ನಾನ.”

ಒಳಕೋಣೆಯ ಬಾಗಿಲು ತೆರೆಯಿತು.

ಹೊರಗೆ ಬಂದವಳಿಗೆ ಇಪ್ಪತ್ತಾರು ಇಪ್ಪತ್ತೇಳು ವರ್ಷವಿರಬಹುದು. ಕೈಯಲ್ಲಿ ಬಳೆ ಪೋಣಿಸುವ ದಾರ ಹಾಗೇ ಇತ್ತು. ಹಣೆಯ ಮೇಲೆ ವಿಭೂತಿ.

“ಯಾರನ್ನ ಕೊಂದಾನಂತ?” ಎಂದಳು.

“ನಿಮ್ಮನ್ನ,” ಎಂದ ಹೇಮಪ್ಪ.

ಅವಳು ಗೋಡೆ ಹಿಡಿದು ನಿಧಾನವಾಗಿ ನೆಲದ ಮೇಲೆ ಕುಳಿತಳು. ಲಾಲಬೀ ನೀರು ತಂದಳು. ಅವಳು ಕುಡಿಯಲಿಲ್ಲ.

“ಅಂವ ನನ್ನ ಬಂಡ್ಯಾಗ ಕುಂದರಿಸಿಕೊಂಡು ಬಂದು ಈ ಮುದುಕಿ ಮನಿ ತೋರಿಸಿ ಹೋದ. ಲಾಲಬೀ ನನ್ನ ತವರಿಗೆ ಬಳಿ ತರತಿದ್ದಾಕಿ, ಸಣ್ಣಾಕಿದ್ದಾಗಿಂದ ಬಲ್ಲಾಕಿ. ಯಾರಿಗೂ ಹೇಳಬ್ಯಾಡೋ ಅಂತ ಮಾರೆಪ್ಪನ ಕೈಲೆ ಆಣಿ ಹಾಕಿಸಿಕೊಂಡೆ ಜಮಾದಾರ್ರ. ಆಣಿ ಹಾಕಿಸಿಕೊಂಡೆ.”

“ಅಂವ ಹೇಳಲಿಲ್ಲ.”

ಹೇಮಪ್ಪನಿಗೆ ಆ ಹುಡುಗನ ಮುಖ ಕಣ್ಣಿಗೆ ಕಟ್ಟಿತು. ಠಾಣೆಯ ಕಂಬಕ್ಕೆ ಒರಗಿ, ತುಟಿ ಒಡೆದು ಕುಳಿತಿದ್ದ. ಎಷ್ಟು ಬಡಿದರೂ ಒಂದೇ ಮಾತು: “ತಪ್ಪು ನಂದೈತ್ರಿ. ಅವ್ವಾರನ್ನ ನಾ ಬಿಟ್ಟು ಬರಬಾರದಿತ್ರಿ.” ಬಿಟ್ಟು ಬಂದದ್ದು ಎಲ್ಲಿ ಎಂದು ಹೇಮಪ್ಪ ಕೇಳಿರಲಿಲ್ಲ. ‘ತಪ್ಪು ನಂದೈತ್ರಿ’ ಎಂಬಷ್ಟನ್ನೇ ಹೇಳಿಕೆಯಲ್ಲಿ ಬರೆಸಿದ್ದ. ಹೆಣವನ್ನು ಅವನಿಗೆ ಯಾರೂ ತೋರಿಸಿರಲಿಲ್ಲ. ಗುರುಲಿಂಗಮ್ಮನನ್ನು ಗಂಡನ ಕಡೆಯವರು ಎಳೆದು ತಂದು ಕೊಂದಿದ್ದಾರೆ, ತಾನು ಕಾಯಲಿಲ್ಲ ಎಂದು ಆ ಹುಡುಗ ತಿಳಿದಿದ್ದ. ಅದು ಹೇಮಪ್ಪನಿಗೆ ಅರ್ಥವಾದದ್ದು ಈಗ, ಈ ಜಗಲಿಯ ಮೇಲೆ.

“ಯವ್ವಾ, ಒಂದು ಕೇಳ್ತೀನಿ. ಒಂದೂವರಿ ವರ್ಷ ಅಡಗಿ ಕುಂತಾಕಿ, ಯಾದಿ ಬರಿಯಾಕ ಬಂದಾಗ ಖರೇ ಹೆಸರು ಯಾಕ ಹೇಳಿದಿ?”

ಉತ್ತರ ಕೊಟ್ಟವಳು ಲಾಲಬೀ.

“ನನ್ನ ಸಲುವಾಗಿ ಹೇಳ್ಯಾಳ್ರಿ. ಪೊಲೀಸ್ ಆಕ್ಷನ್ ಆದ ಮ್ಯಾಲ ನಮ್ಮ ಮಂದಿಗೆ ಹೆಸರು ಬರಿಸಾಕ ಹೆದರಿಕಿ. ಬರಕೊಂಡು ಹೋಗಿ ಏನು ಮಾಡ್ತಾರೋ, ಎಲ್ಲಿಗೆ ಒಯ್ತಾರೋ ಅಂತ ನಾ ಹಿತ್ತಲದಾಗ ಹೋಗಿ ಕುಂತಿದ್ದೆ. ಈಕಿ ಬಂದು ಕೈ ಹಿಡಕೊಂಡು ಎಳದ್ಲು. ‘ನಾನೂ ಹೇಳ್ತೀನಿ, ನೀನೂ ಹೇಳು, ಏನಾಕ್ಕೈತಿ ಇಬ್ಬರಿಗೂ ಆಗ್ಲಿ’ ಅಂದ್ಲು.”

“ಸುಳ್ಳು ಹೆಸರು ಹೇಳಬೇಕಂತನ ನಿಂತಿದ್ದೆ,” ಎಂದಳು ಗುರುಲಿಂಗಮ್ಮ. “ಬರಿಯಾಂವ ಕೇಳಿದ: ‘ಇಂಥವರ ಹೆಂಡತಿ, ಇಂಥವರ ತಾಯಿ ಅಂದ್ರ ನಡಿಯಂಗಿಲ್ಲ, ಹುಕುಂ ಬಂದೈತಿ, ನಿಮ್ಮ ಸ್ವಂತ ಹೆಸರು ಹೇಳ್ರಿ.’ ಲಗ್ನ ಆಗಿ ಹನ್ನೊಂದು ವರ್ಷ ಆಗಿತ್ರಿ. ಆ ಮನ್ಯಾಗ ಯಾರೂ ನನ್ನ ಹೆಸರು ಹಿಡದು ಕರದಿದ್ದಿಲ್ಲ. ಬಾಯಿಗೆ ಅದ ಬಂತು. ಬಂದ ಮ್ಯಾಲ ಊರು ಕೇಳಿದ, ಗಂಡನ ಊರು ಹೇಳಿಬಿಟ್ಟೆ.” ಅವಳು ತಲೆ ಎತ್ತಿದಳು. “ನಮ್ಮ ಯಜಮಾನರಿಗೆ ನಾ ಇಲ್ಲಿರೋದು ಗೊತ್ತಾಗೇತೇನ್ರಿ?”

“ಯಾವ ಊರು ಅಂತ ಗೊತ್ತಿಲ್ಲ. ನನಗ ಸಂಶಯ ಬಂದದ್ದು ಅದರಿಂದನ.”

ಹೇಮಪ್ಪ ಬಿಡಿಸಿ ಹೇಳಿದ. ರಜಾಕಾರರ ಗಲಾಟೆಯ ವರ್ಷ ಊರು ಬಿಟ್ಟು ಬಂದವರ ಹೆಸರು ಎರಡು ಕಡೆ ಬೀಳಬಾರದೆಂದು ಅವರವರ ಮೂಲ ಊರಿಗೆ ಒಂದು ಚೀಟಿ ಹೋಗುತ್ತಿತ್ತು. ಇವಳ ಚೀಟಿ ಹೋದದ್ದು ತಾವರಗೇರಾದಲ್ಲಿ ಯಾದಿ ಬರೆಯುತ್ತಿದ್ದ ಶಾಲೆಯ ಗವಿಸಿದ್ದಪ್ಪ ಮಾಸ್ತರರ ಕೈಗೆ. ಮಾಸ್ತರರು ಕೊಟ್ರಬಸಪ್ಪನಿಗೆ ಹೇಳಿದರು. ಅವನು ಅವತ್ತೇ ತಾಲೂಕಿಗೆ ಹೋಗಿ ಅರ್ಜಿ ಕೊಟ್ಟ.

“ಸತ್ತ ಹೆಂಡತಿ ಹೆಸರು ಎಲ್ಲ್ಯೋ ಐತಿ ಅಂದ್ರ, ಯಾವ ಗಂಡಾದ್ರೂ ಮೊದಲು ಯಾವ ಊರಾಗ ಅಂತ ಕೇಳ್ತಾನ. ಸುಳ್ಳಂತ ಗೊತ್ತಿದ್ರೂ ಕೇಳ್ತಾನ. ಇವರು ಕೇಳಲಿಲ್ಲ. ‘ಹೊಡದು ಹಾಕ್ರಿ’ ಅಂದ್ರು, ಅಷ್ಟ.”

ಗುರುಲಿಂಗಮ್ಮ ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತುವಾಗ ಎಡಗೈ ಸೆರಗಿನಿಂದ ಹೊರಗೆ ಬಂತು.

ಹೇಮಪ್ಪ ಮುಂದೆ ಬಾಗಿದ.

“ಕೈ ತೋರ್ಸು ಯವ್ವಾ. ಎಡಗೈ.”

ಮುಂಗೈ ಖಾಲಿ ಇತ್ತು. ಒಂದು ಚುಕ್ಕೆ ಹಚ್ಚೆಯೂ ಇರಲಿಲ್ಲ.

ಬಾವಿಯಿಂದ ಮೇಲೆತ್ತಿದ ಹೆಣದ ಮೈಮೇಲೆ ಗುರುಲಿಂಗಮ್ಮನ ಹಸಿರು ಇಳಕಲ್ ಸೀರೆ ಇತ್ತು, ಎಡ ಮುಂಗೈಯ ಮೇಲೆ ಚೇಳಿನ ಹಚ್ಚೆ ಇತ್ತು. ಮೂರು ದಿನ ನೀರಲ್ಲಿದ್ದ ಮುಖ ಗುರುತು ಸಿಗುವಂತಿರಲಿಲ್ಲ. ಹಚ್ಚೆ ಮಾತ್ರ ಹಾಗೇ ಉಳಿದಿತ್ತು. ಹೇಮಪ್ಪನೇ ಅದನ್ನು ಪಂಚನಾಮೆಯಲ್ಲಿ ಬರೆಸಿದ್ದ. ‘ಹೌದ್ರಿ, ನನ್ನ ಹೆಂಡತೀದ’ ಎಂದಿದ್ದ ಕೊಟ್ರಬಸಪ್ಪ. ಅವಳ ತವರಿನವರನ್ನು ಕರೆಸಿ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಕೇಳಿರಲಿಲ್ಲ.

“ನಿಮ್ಮ ಹಸಿರು ಇಲಕಲ್ಲ ಸೀರಿ ಯಾರಿಗೆ ಕೊಟ್ರಿ?”

ಅವಳ ಮುಖದ ಬಣ್ಣ ಇಳಿಯಿತು.

“ದುರುಗವ್ವಗ. ಮಾರೆಪ್ಪನ ತಂಗಿಗೆ. ಯಾಕ್ರಿ? ಅಕಿ ಎಲ್ಲಿ ಅದಾಳ?”

ಹೇಮಪ್ಪ ಉತ್ತರ ಕೊಡುವ ಧೈರ್ಯ ಕೂಡಿಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಅವಳೇ ಹೇಳತೊಡಗಿದಳು. ನಿಲ್ಲಿಸಿದರೆ ಉತ್ತರ ಕೇಳಬೇಕಾಗುತ್ತದೆಂಬ ಭಯದಿಂದ ಎಂಬಂತೆ, ಒಂದೇ ಉಸಿರಿಗೆ.

ಮಕ್ಕಳಾಗಲಿಲ್ಲವೆಂದು ಗಂಡ ಎರಡನೆಯ ಲಗ್ನಕ್ಕೆ ಹೊರಟಿದ್ದ. ಹೆಣ್ಣಿನ ಕಡೆಯವರು ಸವತಿ ಇರುವ ಮನೆಗೆ ಕೊಡುವುದಿಲ್ಲವೆಂದಿದ್ದರು. ಒಮ್ಮೆ ಬಾವಿಯ ಕಟ್ಟೆಯ ಮೇಲೆ ಅವನ ಕೈ ಅವಳ ಬೆನ್ನಿನ ಮೇಲೆ ಬಿದ್ದಿತ್ತು. ಅತ್ತೆ ಮುದುಕಮ್ಮ ಕೂಗಿದ್ದರಿಂದ ಕೈ ಹಿಂದೆ ಸರಿಯಿತು. ದನದ ಕೊಟ್ಟಿಗೆ ಬಳಿಯುತ್ತಿದ್ದ ದುರುಗವ್ವ ಅದನ್ನು ಕಂಡಿದ್ದಳು. ಅಣ್ಣನಿಗೆ ಹೇಳಿ ಬಂಡಿ ಗೊತ್ತುಮಾಡಿದವಳು ಅವಳೇ.

“ಬ್ಯಾಸಗಿ ಮಧ್ಯಾಹ್ನ. ಎಲ್ಲಾರೂ ಮಲಗಿದ್ರು. ನಮ್ಮ ಯಜಮಾನರು ಪಡಸಾಲ್ಯಾಗ. ನಾ ಹೊರಗ ಹೊಂಟ್ರ ಸೀರಿ ನೋಡಿ ಊರವರು ಗುರುತು ಹಿಡೀತಾರ. ಅಕಿ ತನ್ನ ಹರಕ ಸೀರಿ ನನಗ ಉಡಿಸಿದ್ಲು. ನನ್ನದು ತಾ ಉಟಗೊಂಡ್ಲು. ‘ಅವ್ವಾರ, ನಾ ತಲಿ ಮ್ಯಾಲ ಸೆರಗು ಹೊತಗೊಂಡು ಬಾವಿ ಕಡೆ ಕೊಡ ತಗೊಂಡು ಓಡ್ಯಾಡ್ತೀನಿ. ದೂರಿಂದ ನೋಡಿದ್ರ ನೀವ ಅಂತ ತಿಳೀತಾರ. ನೀವು ಹಳ್ಳ ದಾಟೋ ತನಕ’ ಅಂದ್ಲು. ಮಾರೆಪ್ಪ ಊರ ಹೊರಗ ಬಂಡಿ ನಿಲ್ಲಿಸಿಕೊಂಡಿದ್ದ. ಸೀರಿ ಬದಲ ಮಾಡಿದ್ದು ಅವಗೂ ಗೊತ್ತಿದ್ದಿಲ್ಲ. ನಗತಿದ್ಲು ಜಮಾದಾರ್ರ. ‘ನಿಮ್ಮ ಬಾವಿ ಕಟ್ಟಿ ಹತ್ತಾಕ ಇದೊಂದ ದಿನ ನನಗ ಪರವಾನಗಿ’ ಅಂತ ನಗತಿದ್ಲು.”

ದುರುಗವ್ವನ ಕೇರಿಯವರು ಆ ಬಾವಿಯ ಕಟ್ಟೆ ಮುಟ್ಟುವಂತಿರಲಿಲ್ಲ.

“ಅಕಿ ಎಲ್ಲಿ ಅದಾಳ?” ಎಂದು ಗುರುಲಿಂಗಮ್ಮ ಮತ್ತೆ ಕೇಳಿದಳು.

“ನಿಮ್ಮ ಹೆಸರಿನ ಸಮಾಧ್ಯಾಗ,” ಎಂದ ಹೇಮಪ್ಪ.

ಲಾಲಬೀ ಅವಳ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಕುಳಿತಳು.

ಹೇಮಪ್ಪ ಎದ್ದು ಅಂಗಳಕ್ಕೆ ಹೋದ. ಆ ಬೇಸಿಗೆಯಲ್ಲಿ ಮಾರೆಪ್ಪನ ತಾಯಿ ಠಾಣೆಗೆ ಬಂದಿದ್ದಳು. ಒಂದು ಸಲವಲ್ಲ, ಮೂರು ಸಲ. ಮಗನನ್ನು ಬಿಡಿ ಎಂದು ಕೇಳಲು ಬಂದಿದ್ದಾಳೆಂದು ಅವನು ತಿಳಿದಿದ್ದ. ಅವಳು ಕೇಳಿದ್ದು ಬೇರೆ. “ನನ್ನ ಮಗಳು ಕಾಣವಲ್ಲಳ್ರಿ ದೊರಿ. ಕೈ ಮ್ಯಾಲ ಚೇಳಿನ ಹಚ್ಚಿ ಐತ್ರಿ.” ಗಲಾಟೆಯ ದಿನ, ಯಾರ ಜೊತೆಯಲ್ಲೋ ನಿಜಾಮರ ಸೀಮೆಯ ಗಡಿ ದಾಟಿ ಗಜೇಂದ್ರಗಡದ ಕಡೆ ಹೋಗಿರಬೇಕು, ಬರ್ತಾಳ ಹೋಗು ಎಂದು ಮೂರು ಸಲವೂ ಕಳಿಸಿದ್ದ. ಹಚ್ಚೆಯ ಮಾತು ಕಿವಿಗೆ ಬಿದ್ದಿತ್ತು. ತಲೆಗೆ ಹೋಗಿರಲಿಲ್ಲ. ನಾಲ್ಕನೆಯ ಸಲ ಅವಳು ಬರಲಿಲ್ಲ.

ತಿರುಗಿ ಬಂದಾಗ ಗುರುಲಿಂಗಮ್ಮ ಎದ್ದು ನಿಂತಿದ್ದಳು.

“ಹೆಸರು ಹೊಡದ್ರ ಮಾರೆಪ್ಪ ಅಲ್ಲೇ ಉಳೀತಾನ?”

“ಉಳೀತಾನ. ನೀ ಸತ್ತಾಕಿ ಅಂತ ಇನ್ನೊಮ್ಮೆ ಮೊಹರು ಬೀಳ್ತೈತಿ.”

“ಹಂಗಾದ್ರ ನಾ ಬರ್ತೀನಿ.”

“ಗಂಡನ ಎದುರಿಗೆ ನಿಲ್ಲಬೇಕಾಗತೈತಿ ಯವ್ವಾ.”

“ಅವತ್ತ ನಿಲ್ಲಬೇಕಿತ್ರಿ,” ಎಂದಳು ಅವಳು. “ನಾ ನಿಂತಿದ್ರ ಅಕಿ ನಿಲ್ಲೋದು ಬರತಿದ್ದಿಲ್ಲ.”

*

ತಾವರಗೇರಾದ ಚಾವಡಿಯ ಮುಂದೆ ಅವತ್ತು ಸಂತೆಯಷ್ಟು ಜನ.

ಕರಡು ಯಾದಿಯನ್ನು ಗೋಡೆಗೆ ಅಂಟಿಸಿ ಹದಿನೈದು ದಿನವಾಗಿತ್ತು. ಹೆಸರು ಬಿಟ್ಟವರು, ತಪ್ಪು ಬರೆಸಿದವರು, ವಯಸ್ಸು ಗೊತ್ತಿಲ್ಲದವರು ಎಲ್ಲ ಸೇರಿದ್ದರು. ಇಪ್ಪತ್ತೊಂದು ತುಂಬಿರಬೇಕೆಂದರೆ, ಒಬ್ಬ ಮುದುಕ ತನಗೆ ಎಷ್ಟೆಂದು ಗೊತ್ತಿಲ್ಲ, ದೊಡ್ಡ ಬರಗಾಲದಲ್ಲಿ ತಾನು ಎಮ್ಮೆ ಕಾಯುತ್ತಿದ್ದೆ ಎಂದು ಹೇಳುತ್ತಿದ್ದ. ಓಟಿನ ಚೀಟಿ ಪೆಟ್ಟಿಗೆಗೆ ಹಾಕುವುದು ಯಾವತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಆದರೆ ಗೌಡರದೂ ಒಂದೇ ಚೀಟಿ, ತಳವಾರನದೂ ಒಂದೇ ಚೀಟಿ ಎಂಬುದು ಊರಲ್ಲೆಲ್ಲ ಹಬ್ಬಿತ್ತು.

ತಹಸೀಲ್ದಾರರ ಪರವಾಗಿ ಪೇಶ್ಕಾರರು ಮೇಜಿನ ಹಿಂದೆ ಕುಳಿತಿದ್ದರು. ಪಕ್ಕದಲ್ಲಿ ಗವಿಸಿದ್ದಪ್ಪ ಮಾಸ್ತರರು, ಹೇಳಿದ್ದನ್ನೆಲ್ಲ ಬರೆದುಕೊಳ್ಳಲು.

ಕೊಟ್ರಬಸಪ್ಪ ಬಿಳಿಯ ರುಮಾಲು ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ನಿಂತಿದ್ದ. ನಲವತ್ತರ ಆಳು. ಹೇಮಪ್ಪನ ಹಿಂದೆ ಸೆರಗು ಹೊದ್ದು ಬಂದವಳನ್ನು ಕಂಡಾಗ ಅವನ ಕಣ್ಣು ಒಂದು ಕ್ಷಣ ಮಾತ್ರ ಅಲುಗಿತು. ಹೇಮಪ್ಪ ಅದನ್ನು ನೋಡಿದ.

ಪೇಶ್ಕಾರರು ಕೇಳಿದರು: “ಈ ಹೆಣ್ಮಗಳು ನಿಮ್ಮ ಹೆಂಡತಿ ಏನ್ರಿ?”

“ಈಕೀನ ನಾ ಎಂದೂ ಕಂಡಿಲ್ಲರಿ. ನನ್ನ ಹೆಂಡತೀನ ನನ್ನ ಕೈಲೆ ಮಣ್ಣು ಮಾಡೀನಿ. ಪಂಚನಾಮಿ ಐತಿ, ಕೋರ್ಟಿನ ತೀರ್ಪು ಐತಿ.”

“ನಿಮ್ಮ ಹೆಸರೇನಮ್ಮ?”

“ಗುರುಲಿಂಗಮ್ಮ.”

“ಗಂಡನ ಹೆಸರು?”

ಅವಳು ಸುಮ್ಮನಾದಳು. ಹೆಂಗಸರ ಸಾಲಿನಲ್ಲಿ ಗುಸುಗುಸು ನಿಂತಿತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ ಹೆಣ್ಣನ್ನು ಆ ಊರು ಕಂಡಿರಲಿಲ್ಲ. ಯಾದಿ ಬರೆಯುವಾಗಲೂ ಹೆಂಗಸರು ಪಕ್ಕದ ಮನೆಯವರಿಂದ ಹೇಳಿಸಿದ್ದರು.

ಅವಳು ಸೆರಗು ಹಿಂದೆ ಸರಿಸಿ ಅವನ ಕಡೆ ನೋಡಿದಳು.

“ಕೊಟ್ರಬಸಪ್ಪ,” ಎಂದಳು.

ಅವನು ಕೆನ್ನೆಗೆ ಏಟು ಬಿದ್ದವನಂತೆ ಮುಖ ತಿರುಗಿಸಿದ. ಮರುಕ್ಷಣವೇ ದನಿ ಎತ್ತರಿಸಿದ.

“ಯಾರೋ ಕಲಿಸಿ ತಂದಾರ್ರಿ! ಹೆಸರು ಯಾರ ಬೇಕಾದ್ರೂ ಹೇಳಬಹುದು.”

ಹೇಮಪ್ಪ ಮುಂದೆ ಬಂದ. “ಬಾವ್ಯಾಗ ಸಿಕ್ಕ ಹೆಣದ ಕೈ ಮ್ಯಾಲ ಹಚ್ಚಿ ಇತ್ತು. ನಿಮ್ಮ ಹೆಂಡತಿ ಕೈ ಮ್ಯಾಲ ಹಚ್ಚಿ ಇತ್ತೇನು?”

“ಇತ್ತು.”

“ಯಾವ ಕೈ?”

“ಎಡಗೈ. ನೀವ ಬರಿಸೀರಲ್ಲ.”

“ಬರಿಸೀನಿ. ಅದು ನನ್ನ ತಪ್ಪು. ಆ ಕೈ ದುರುಗವ್ವಂದು. ಮಾರೆಪ್ಪನ ತಂಗೀದು.”

ಜನರ ಹಿಂದೆ ಎಲ್ಲೋ ಒಂದು ಹೆಂಗಸಿನ ಉಸಿರು ಸಿಕ್ಕಿಕೊಂಡ ಸದ್ದಾಯಿತು. ಹೇಮಪ್ಪ ತಿರುಗಿ ನೋಡಲಿಲ್ಲ. ಅಲ್ಲಿ ದುರುಗವ್ವನ ತಾಯಿ ನಿಂತಿದ್ದಾಳೆಂದು ಅವನಿಗೆ ಗೊತ್ತಿತ್ತು. ಮೊದಲು ಅವಳ ಗುಡಿಸಲಿಗೆ ಹೋಗಿ ಹೇಳಬೇಕಿತ್ತು. ಬೆಳಿಗ್ಗೆ ಅದರ ಮುಂದೆಯೇ ಹಾದು ಬಂದಿದ್ದ. ಕಾಲು ನಿಂತಿರಲಿಲ್ಲ.

ಕೊಟ್ರಬಸಪ್ಪ ನಕ್ಕ. “ಪೇಶ್ಕಾರ ಸಾಹೇಬ್ರ, ನೀವ ಕೇಳ್ರಿ. ಇವರು ಆವತ್ತ ಸುಳ್ಳು ಬರದ್ರೋ, ಇವತ್ತ ಸುಳ್ಳು ಹೇಳ್ತಾರೋ? ಯಾವ ಜಮಾದಾರನ್ನ ನಂಬೋದು?”

ಪೇಶ್ಕಾರರು ಪೆನ್ನಿನಿಂದ ಮೇಜು ಕುಟ್ಟಿದರು. “ಈ ಹೆಣ್ಮಗಳನ್ನ ಗುರುತು ಹಿಡಿಯೋ ಊರವರು ಯಾರಾದ್ರೂ ಅದಾರೇನು?”

ಜನ ನೆಲ ನೋಡಿದರು. ಅವರಲ್ಲಿ ಅರ್ಧದಷ್ಟು ಮಂದಿ ಕೊಟ್ರಬಸಪ್ಪನ ಹೊಲದಲ್ಲಿ ದುಡಿಯುವವರು. ಉಳಿದವರಿಗೆ ಸೊಸೆಯ ಮುಖವೇ ಕಂಡಿರಲಿಲ್ಲ. ಆ ಮನೆಯ ಹೆಂಗಸರು ಸೆರಗಿಲ್ಲದೆ ಹೊರಗೆ ಬಂದವರಲ್ಲ.

“ನಾ ಹಿಡೀತೀನಿ.”

ಹೆಂಗಸರ ಸಾಲಿನಿಂದ ಕೋಲೂರಿಕೊಂಡು ಬಂದವಳು ಮುದುಕಮ್ಮ, ಕೊಟ್ರಬಸಪ್ಪನ ತಾಯಿ. ಯಾದಿಯಲ್ಲಿ ಅವಳ ಹೆಸರನ್ನು ‘ಕೊಟ್ರಬಸಪ್ಪನ ತಾಯಿ’ ಎಂದಷ್ಟೇ ಬರೆದಿದ್ದರು. ಸ್ವಂತ ಹೆಸರು ಬರೆಸದಿದ್ದರೆ ತೆಗೆದು ಹಾಕುತ್ತಾರೆಂದು ಕೇಳಿ ತಿದ್ದಿಸಲು ಬಂದು ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದಳು.

“ಯವ್ವಾ, ನೀ ಮನಿಗೆ ನಡಿ,” ಎಂದ ಮಗ.

“ಸುಮ್ಮನಿರೋ.”

ಅವಳು ಗುರುಲಿಂಗಮ್ಮನ ಎದುರಿಗೆ ಬಂದು ನಿಂತಳು. ಕಣ್ಣಿಗೆ ಪೊರೆ ಬಂದಿತ್ತು. ಕೈ ಚಾಚಿ ಸೊಸೆಯ ಹಣೆ, ಕಿವಿ, ಗದ್ದ ಮುಟ್ಟಿದಳು. ಗದ್ದದ ಕೆಳಗಿನ ಒಂದು ಗಾಯದ ಗುರುತಿನ ಮೇಲೆ ಬೆರಳು ನಿಂತಿತು.

“ಈ ಗಾಯ ನಂದ. ಸೌಟಿನಲೆ ಹೊಡದಿದ್ದೆ, ಈಕಿ ಮನಿಗೆ ಬಂದ ವರ್ಷ,” ಎಂದಳು. “ಬರಕೋರಿ ಸಾಹೇಬ್ರ. ಈಕಿ ನನ್ನ ಸೊಸಿ.”

ಗುರುಲಿಂಗಮ್ಮ ಬಗ್ಗಿ ಅತ್ತೆಯ ಪಾದ ಮುಟ್ಟಿದಳು. ಮುದುಕಿ ಅವಳನ್ನು ಎಬ್ಬಿಸಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ. ಹಾಗೇ ನಿಂತಳು.

ಪೇಶ್ಕಾರರು ಕೇಳಿದರು: “ಹಂಗಾದ್ರ ಬಾವ್ಯಾಗ ಸಿಕ್ಕಾಕಿ ಸೊಸಿ ಅಲ್ಲಂತ ನಿಮಗ ಆವತ್ತ ಗೊತ್ತಿತ್ತೇನು?”

“ಗೊತ್ತಿತ್ತು.”

“ಗೊತ್ತಿದ್ದು ಯಾಕ ಹೇಳಲಿಲ್ಲ?”

“ಹೇಳೀನಿ!” ಮುದುಕಿಯ ದನಿ ಒಡೆಯಿತು. “ಹೇಳೀನ್ರಿ. ಆ ದಿನಾನ ಹೇಳೀನಿ. ಇದು ನನ್ನ ಸೊಸಿ ಕೈ ಅಲ್ಲ, ಕೊಟ್ಟಿಗಿ ಬಳಿಯೋ ಹುಡುಗೀದು ಅಂತ ಹೇಳಿ ಹಾಳಿ ಮ್ಯಾಲ ಹೆಬ್ಬೆಟ್ಟು ಒತ್ತೀನಿ. ಆಮ್ಯಾಲ ಯಾರೂ ಕೇಳಾಕ ಬರಲಿಲ್ಲ. ಒಂದು ಸಲ ಹೇಳಿದ್ದೆ. ಎರಡನೇ ಸಲ ಹೋಗಿ ಹೇಳಾಕ ಬಾಯಿ ಬರಲಿಲ್ಲರಿ. ಅಂವ ನನ್ನ ಹೊಟ್ಟ್ಯಾಗ ಹುಟ್ಟಿದಂವ.”

ಕೊಟ್ರಬಸಪ್ಪ ಕಲ್ಲಿನಂತೆ ನಿಂತಿದ್ದ.

ಪಂಚನಾಮೆಯಲ್ಲಿದ್ದದ್ದು ಒಂದೇ ಹಾಳೆ, ಅದರಲ್ಲಿ ಮುದುಕಮ್ಮನ ಹೆಬ್ಬೆಟ್ಟು ಇರಲಿಲ್ಲ. ಹಾಗೆಂದು ಹೇಮಪ್ಪ ಪ್ರಮಾಣ ಮಾಡಿ ಹೇಳಬಲ್ಲ. ಆದರೆ ಆ ದಿನ ಅವನು ಕೊನೆಯ ತನಕ ಇರಲಿಲ್ಲ. ಪಕ್ಕದ ಊರಿಗೆ ರಜಾಕಾರರು ನುಗ್ಗಿದ್ದಾರೆಂದು ಸುದ್ದಿ ಬಂದು, ಹೆಣ ನೋಡಿ ಅರ್ಧ ತಾಸಿನಲ್ಲಿ ಕುದುರೆ ಹತ್ತಿದ್ದ. ಮನೆಯವರ ಹೇಳಿಕೆಗಳನ್ನು ಬರೆದು ಮುಗಿಸಲು ಒಬ್ಬರನ್ನು ಕೂರಿಸಿ ಹೋಗಿದ್ದ.

“ನಿನ್ನ ಮಾತು ಬರಕೊಂಡವರು ಯಾರು ಯವ್ವಾ?” ಎಂದು ಕೇಳಿದ. ಉತ್ತರ ಗೊತ್ತಿದ್ದೂ ಕೇಳಿದ.

ಮುದುಕಮ್ಮ ಕೋಲೆತ್ತಿ ತೋರಿಸಿದಳು.

ಗವಿಸಿದ್ದಪ್ಪ ಮಾಸ್ತರರು ಬರೆಯುವುದನ್ನು ನಿಲ್ಲಿಸಿದ್ದರು. ಪೆನ್ನಿನ ತುದಿಯಿಂದ ಮಸಿ ಹಾಳೆಯ ಮೇಲೆ ಹರಡುತ್ತಿತ್ತು. ಅವರು ಅದನ್ನು ಎತ್ತಲಿಲ್ಲ. ಇದೇ ಮಾಸ್ತರರು ಇಟಗಿಯ ಚೀಟಿಯನ್ನು ಹರಿದು ಒಲೆಗೆ ಹಾಕಬಹುದಿತ್ತು. ಹಾಕದೆ ಹೇಮಪ್ಪನ ಮನೆಗೆ ತಾವೇ ತಂದು ತೋರಿಸಿದ್ದರು. ಅದು ಉಪಕಾರವೆಂದು ಹೇಮಪ್ಪ ತಿಳಿದಿದ್ದ.

“ಆ ಹಾಳಿ ಎಲ್ಲೈತ್ರಿ ಮಾಸ್ತರ್ರ?” ಎಂದರು ಪೇಶ್ಕಾರರು.

“ನನ್ನ ಮನ್ಯಾಗ ಐತ್ರಿ. ಹರೀಲಿಲ್ಲ. ಹರಿಯಾಕ ಕೈ ಬರಲಿಲ್ಲ.”

“ಕಾಗದಪತ್ರದ ಜೋಡಿ ಯಾಕ ಹಚ್ಚಲಿಲ್ಲ?”

“ಹಚ್ಚಬ್ಯಾಡ ಅಂತ ಮರುದಿನ ಚೀಟಿ ಬಂತ್ರಿ. ನನಗ ಮನ್ಯಾಗ ಸಣ್ಣ ಮಕ್ಕಳಿದ್ವು, ದಿನ ಛಲೋ ಇದ್ದಿಲ್ಲ. ಹೆದರಿದೆ. ಒಬ್ಬ ಹುಡುಗ ಜೈಲಿಗೆ ಹೋಗೋದನ್ನ ನೋಡಿಕೋತ ಕುಂತೆ.” ಅವರ ದನಿ ಬಹಳ ಸಣ್ಣದಾಗಿತ್ತು. “ಆ ಚೀಟಿನೂ ಇಟ್ಟೀನಿ.”

“ಯಾರು ಕಳಿಸಿದ್ದು?”

ಮಾಸ್ತರರು ಕೊಟ್ರಬಸಪ್ಪನ ಕಡೆ ನೋಡುತ್ತಾರೆಂದು ಎಲ್ಲರೂ ಕಾದರು. ಅವರು ನೋಡಿದ್ದು ಹೇಮಪ್ಪನ ಕಡೆ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಒಂದೂವರೆ ವರ್ಷ ಇವನನ್ನೇ ಅಳೆಯುತ್ತ ಕುಳಿತು ಇನ್ನೂ ತೀರ್ಮಾನಕ್ಕೆ ಬಾರದವರ ನೋಟ.

“ಕೆಳಗ ಜಮಾದಾರ್ರ ಸಹಿ ಐತ್ರಿ,” ಎಂದರು.

ಹೇಮಪ್ಪ ಬಾಯಿ ತೆರೆದ. ಅಂಥ ಚೀಟಿಯನ್ನು ತಾನು ಬರೆದಿರಲಿಲ್ಲ. ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲ. ಆದರೆ ಗಲಾಟೆಯ ಆ ವರ್ಷ, ಹೊತ್ತಿಲ್ಲ ಹೊತ್ತಿಲ್ಲ ಎನ್ನುತ್ತ, ಸಹಿ ಮಾಡಿದ ಖಾಲಿ ಹಾಳೆಗಳನ್ನು ಊರೂರಿನ ಚಾವಡಿಗಳಲ್ಲಿ ಬಿಟ್ಟು ಹೋಗಿದ್ದ. ಎಲ್ಲೆಲ್ಲಿ, ಎಷ್ಟೆಷ್ಟು, ಯಾರ ಕೈಗೆ ಎಂಬುದು ಅವನಿಗೇ ನೆನಪಿರಲಿಲ್ಲ. ಅದನ್ನು ಹೇಳಿದರೆ ನಂಬುವವರು ಯಾರು?

ಗುರುಲಿಂಗಮ್ಮ ಅವನ ಪಕ್ಕದಿಂದ ಒಂದು ಹೆಜ್ಜೆ ಆಚೆ ಸರಿದಳು.

ಪೇಶ್ಕಾರರು ಎದ್ದು ನಿಂತು ಬಾಗಿಲಲ್ಲಿದ್ದ ಪೊಲೀಸನಿಗೆ ಸನ್ನೆ ಮಾಡಿದರು. “ಮಾಸ್ತರ್ರ ಜೋಡಿ ಹೋಗಿ ಆ ಹಾಳಿ, ಆ ಚೀಟಿ ಎರಡೂ ತಗೊಂಡು ಬಾ,” ಎಂದರು. ಬಳಿಕ ಹೇಮಪ್ಪನತ್ತ ತಿರುಗಿ, ಇಷ್ಟು ದಿನ ಇಲ್ಲದ ದನಿಯಲ್ಲಿ ಹೇಳಿದರು:

“ಅಲ್ಲೀತನಕ ನೀವು ಈ ಚಾವಡಿ ಬಿಟ್ಟು ಹೋಗಂಗಿಲ್ಲ.”